ರಕ್ತಕಣಗಳ ಬೆನ್ನು ಹತ್ತಿದ ವಿಕಿರಣ: ಪದೇ ಪದೇ ಕೇಳುವ ಪ್ರಶ್ನೆಗಳು

ರೋಗನಿರೋಧಕ ಕೋಶಗಳ ಲ್ಯಾಬಿನಲ್ಲಿ ಒಂದಷ್ಟು ವರ್ಷ ಕೆಲಸ ಮಾಡಿದ್ದೇನೆ. ಬಾಗಿಲ ಮೇಲಿನ ವಿಕಿರಣದ ಹಳದಿ ಚಿಹ್ನೆ ನೋಡಿದವರು ಏನು ಕೇಳುತ್ತಾರೆ ಎಂಬುದು ನನಗೆ ಬಾಯಿಪಾಠ. ಹೊಸದಾಗಿ ಸೇರಿದ ಪಿಎಚ್‌ಡಿ ಹುಡುಗರ ಪ್ರಶ್ನೆ ಒಂದು ಬಗೆಯದು, ಮದುವೆ ಮನೆಯಲ್ಲಿ ಸಿಕ್ಕ ನೆಂಟರದು ಇನ್ನೊಂದು ಬಗೆಯದು. ಎರಡನ್ನೂ ಬೇರೆ ಮಾಡದೆ ಇಲ್ಲಿಟ್ಟಿದ್ದೇನೆ.

ರಕ್ತದ ಸಂಶೋಧನೆಗೂ ವಿಕಿರಣಕ್ಕೂ ಏನು ಸಂಬಂಧ?

ಸ್ಲೇಟು ನೆನಪಿದೆಯಲ್ಲ? ಅದಕ್ಕೆ ಬಳಪ ಬೇಕು, ಒರೆಸುವ ಬಟ್ಟೆಯೂ ಬೇಕು. ನಮ್ಮ ಕೆಲಸದಲ್ಲಿ ವಿಕಿರಣ ಈ ಎರಡೂ ಆಗಿದೆ. ಅತಿ ಕಡಿಮೆ ಪ್ರಮಾಣದ ವಿಕಿರಣಶೀಲ ಪರಮಾಣುವನ್ನು ಒಂದು ಕೋಶಕ್ಕೆ ಅಂಟಿಸಿ ಬಿಟ್ಟರೆ ಅದು ಎಲ್ಲಿ ಹೋಯಿತು, ಎಷ್ಟು ದಿನ ಬದುಕಿತು, ಯಾವಾಗ ಸತ್ತಿತು ಎಂದು ಪತ್ತೆ ಹಚ್ಚಬಹುದು. ಅದು ಬಳಪ. ಹೊರಗಿನಿಂದ ದೊಡ್ಡ ಪ್ರಮಾಣದ ಗಾಮಾ ಕಿರಣ ಹಾಯಿಸಿದರೆ ಪ್ರಾಣಿಯ ಮೂಳೆಯೊಳಗೆ ರಕ್ತ ಹುಟ್ಟುವ ಅಸ್ಥಿಮಜ್ಜೆಯೇ ಖಾಲಿಯಾಗುತ್ತದೆ. ಆಮೇಲೆ ನಮಗೆ ಬೇಕಾದ ಕೋಶಗಳನ್ನಷ್ಟೇ ಹಾಕಿ ಏನಾಗುತ್ತದೆ ನೋಡಬಹುದು. ಅದು ಒರೆಸುವ ಬಟ್ಟೆ. ಜನರ ಗೊಂದಲದಲ್ಲಿ ಮುಕ್ಕಾಲು ಪಾಲು ಬರುವುದು ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ವಿಕಿರಣಶೀಲ ಗುರುತು ಎಂದರೆ ನಿಜಕ್ಕೂ ಏನು?

ಅಗಸ ಬಟ್ಟೆಯ ಅಂಚಿಗೆ ಹಾಕುವ ಗುರುತಿನಂತೆ. ನೂರು ಬಿಳಿ ಪಂಚೆಗಳ ನಡುವೆ ನಿಮ್ಮದು ಯಾವುದೆಂದು ಆ ಚುಕ್ಕೆ ಹೇಳುತ್ತದೆ, ಪಂಚೆ ಮಾತ್ರ ಪಂಚೆಯಾಗಿಯೇ ಇರುತ್ತದೆ. ಮಾಮೂಲಿ ರಂಜಕದ ಬದಲು ಅದರದ್ದೇ ವಿಕಿರಣಶೀಲ ರೂಪವಾದ ರಂಜಕ-32 ಕೊಟ್ಟರೆ ದೇಹದ ರಸಾಯನಕ್ರಿಯೆಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಉಪಕರಣಕ್ಕೆ ಗೊತ್ತಾಗುತ್ತದೆ.

ಈ ಉಪಾಯ ಹುಟ್ಟಿದ್ದು ಒಂದು ಸೋಲಿನಿಂದ. ಹಂಗರಿಯ ಜಾರ್ಜ್ ಡಿ ಹೆವೆಸಿ ಮ್ಯಾಂಚೆಸ್ಟರಿನಲ್ಲಿ ಪರಮಾಣು ವಿಜ್ಞಾನಿ ರುದರ್‌ಫೋರ್ಡ್ ಬಳಿ ಇದ್ದಾಗ, ಸೀಸದ ರಾಶಿಯಿಂದ ‘ರೇಡಿಯಂ-ಡಿ’ಯನ್ನು ಬೇರ್ಪಡಿಸು ಎಂದು ಅವರು ಹೇಳಿದರು. ಹೆವೆಸಿ ತಿಂಗಳುಗಟ್ಟಲೆ ತಿಣುಕಿದರೂ ಆಗಲಿಲ್ಲ. ಆಗುವಂಥದ್ದೂ ಅಲ್ಲ, ಏಕೆಂದರೆ ರೇಡಿಯಂ-ಡಿ ಸೀಸದ್ದೇ ಇನ್ನೊಂದು ಐಸೋಟೋಪ್, ಅಂದರೆ ರಸಾಯನಗುಣ ಅದೇ, ಪರಮಾಣುವಿನ ತೂಕ ಮಾತ್ರ ಬೇರೆ. ಬೇರ್ಪಡಿಸಲು ಬಾರದಿದ್ದರೆ ಅದನ್ನೇ ಸೀಸದ ಗುರುತಾಗಿ ಬಳಸಬಹುದಲ್ಲ ಎಂದು ಅವರಿಗೆ ಹೊಳೆಯಿತು. 1923ರಲ್ಲಿ ಅವರೆಕಾಯಿಯ ದೂರದ ನೆಂಟನಂಥ ಬೀನ್ಸ್ ಗಿಡ ಸೀಸವನ್ನು ಹೇಗೆ ಹೀರುತ್ತದೆಂದು ತೋರಿಸಿದರು, 1935ರಲ್ಲಿ ಇಲಿಗಳಿಗೆ ರಂಜಕ-32 ಕೊಟ್ಟರು. 1943ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಮ್ಯಾಂಚೆಸ್ಟರಿನ ಊಟದ ಮನೆಯೊಡತಿ ಉಳಿದ ಮಾಂಸವನ್ನೇ ಮತ್ತೆ ಬಡಿಸುತ್ತಾಳೆಂಬ ಗುಮಾನಿಯಿಂದ ತಟ್ಟೆಯಲ್ಲಿ ಚೂರು ವಿಕಿರಣಶೀಲ ವಸ್ತು ಬಿಟ್ಟು, ದಿನಗಳ ನಂತರದ ಊಟದಲ್ಲಿ ಅದನ್ನು ಹಿಡಿದರಂತೆ ಎಂಬ ಕಥೆಯೂ ಇದೆ. ಇವತ್ತು ಯಾವ ಸುರಕ್ಷತಾ ಅಧಿಕಾರಿಯೂ ಇಂಥದ್ದಕ್ಕೆ ಸಹಿ ಹಾಕುವುದಿಲ್ಲ.

ಕೆಂಪು ರಕ್ತಕಣ 120 ದಿನ ಬದುಕುತ್ತದೆ ಎಂದು ಹೇಗೆ ಗೊತ್ತಾಯಿತು?

ಇಡೀ ಪುಟದಲ್ಲಿ ನನಗೆ ಅಚ್ಚುಮೆಚ್ಚಿನ ಪ್ರಶ್ನೆ ಇದು.

1940ರ ದಶಕದ ನಡುವೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಶೆಮಿನ್ ಎಂಬುವರು ತಾವೇ ಪ್ರಯೋಗದ ಇಲಿಯಾದರು. ಸಾರಜನಕ-15 ಸೇರಿಸಿದ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಮೂರು ದಿನಗಳಲ್ಲಿ 66 ಗ್ರಾಂ ತಿಂದರು. ಆಮೇಲೆ ತಿಂಗಳುಗಟ್ಟಲೆ ತಮ್ಮದೇ ರಕ್ತ ತೆಗೆದು ಅಳೆದರು. ಹಿಮೋಗ್ಲೋಬಿನ್‌ನ ಹೀಮ್ ಭಾಗದಲ್ಲಿ ಗುರುತು ಏರಿತು, ಏರಿದ ಮಟ್ಟದಲ್ಲೇ ಬಹುಕಾಲ ನಿಂತಿತು, ಆಮೇಲೆ ಇಳಿಯಿತು. ಸರಾಸರಿ ಆಯಸ್ಸು 127 ದಿನ ಎಂದು ಲೆಕ್ಕ ಸಿಕ್ಕಿತು. ಸಾರಜನಕ-15 ವಿಕಿರಣ ಸೂಸುವುದೇ ಇಲ್ಲ, ತೂಕ ಸ್ವಲ್ಪ ಹೆಚ್ಚು ಅಷ್ಟೇ. ಆದರೂ ತತ್ತ್ವ ಹೆವೆಸಿಯದ್ದೇ.

1950ರಲ್ಲಿ ಗ್ರೇ ಮತ್ತು ಸ್ಟರ್ಲಿಂಗ್ ಸುಲಭದ ದಾರಿ ಕಂಡುಕೊಂಡರು. ಒಂದಿಷ್ಟು ರಕ್ತ ತೆಗೆದು, ಅದಕ್ಕೆ ಕ್ರೋಮಿಯಂ-51 ಇರುವ ಸೋಡಿಯಂ ಕ್ರೋಮೇಟ್ ಹಾಕಿದರೆ ಅದು ಕೆಂಪು ಕಣದೊಳಗೆ ನುಗ್ಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆ ಕಣಗಳನ್ನು ರೋಗಿಗೆ ಮರಳಿಸಿ, ಕೆಲವು ದಿನಗಳಿಗೊಮ್ಮೆ ರಕ್ತ ತೆಗೆದು ಗಾಮಾ ಕೌಂಟರಿನಲ್ಲಿ ಎಣಿಸಬಹುದು. ದೇಹದಲ್ಲಿ ಒಟ್ಟು ಎಷ್ಟು ಕೆಂಪು ಕಣ ಇದೆ, ಗುಲ್ಮ (ಸ್ಪ್ಲೀನ್) ಅವನ್ನು ಅವಧಿಗೆ ಮುನ್ನವೇ ನುಂಗುತ್ತಿದೆಯೇ ಎಂಬುದೆಲ್ಲ ಇದರಿಂದ ಗೊತ್ತಾಗುತ್ತಿತ್ತು.

ಇಲ್ಲೊಂದು ಕೊಕ್ಕೆ ಇದೆ. 120 ದಿನ ಬದುಕುವ ಕಣಗಳಲ್ಲಿ ಅರ್ಧ ಕಳೆಯಲು ಸುಮಾರು 60 ದಿನ ಬೇಕು. ಆದರೆ ಆರೋಗ್ಯವಂತರಲ್ಲಿ ಕ್ರೋಮಿಯಂ ಎಣಿಕೆ 25ರಿಂದ 35 ದಿನಗಳಲ್ಲೇ ಅರ್ಧಕ್ಕಿಳಿಯುತ್ತದೆ, ಪರಮಾಣುವಿನ ಕ್ಷಯವನ್ನು ಲೆಕ್ಕಕ್ಕೆ ಹಿಡಿದ ಮೇಲೂ. ಕಣಗಳು ಸಾಯುತ್ತಿವೆಯೇ? ಇಲ್ಲ. ಬದುಕಿರುವ ಕಣಗಳಿಂದಲೇ ಕ್ರೋಮಿಯಂ ದಿನಕ್ಕೆ ಸುಮಾರು ಶೇ. 1ರಂತೆ ಸೋರುತ್ತದೆ. ಅಗಸನ ಗುರುತು ಒಗೆತಕ್ಕೆ ಮಾಸಿತು, ಪಂಚೆ ಹರಿದಿಲ್ಲ. ಉಪಕರಣ ಹೇಳುವುದು ಗುರುತು ಎಲ್ಲಿದೆ ಎಂದು ಮಾತ್ರ. ಕೋಶ ಎಲ್ಲಿದೆ ಎಂಬುದು ನಾವು ಅದರಿಂದ ಮಾಡುವ ಊಹೆ. ಹೊಸಬರಿಗೆ ನಾನು ಮೊದಲ ದಿನ ಹೇಳುತ್ತಿದ್ದದ್ದು ಇದನ್ನೇ, ಅವರು ನಂಬುತ್ತಿದ್ದದ್ದು ಮಾತ್ರ ಆರು ತಿಂಗಳಾದ ಮೇಲೆ.

ಬಿಳಿ ರಕ್ತಕಣಗಳು ಓಡಾಡುತ್ತವೆ ಎಂದು ಕಂಡುಹಿಡಿದದ್ದೂ ಹೀಗೆಯೇ?

ಹೌದು. ಅದಕ್ಕೆ ಮುಂಚಿನ ಪರಿಸ್ಥಿತಿ ಕೇಳಿದರೆ ನಗು ಬರುತ್ತದೆ. ಲಿಂಫೋಸೈಟ್ ಎಂಬ ಬಿಳಿ ಕಣ ಯಾವ ಕೆಲಸ ಮಾಡುತ್ತದೆ ಎಂಬುದೇ 1950ರ ದಶಕದಲ್ಲಿ ಯಾರಿಗೂ ಖಚಿತವಿರಲಿಲ್ಲ. ಎದೆಯೊಳಗಿನ ದೊಡ್ಡ ದುಗ್ಧನಾಳ ಕತ್ತಿನ ಬಳಿ ರಕ್ತಕ್ಕೆ ಸುರಿಯುವ ಲಿಂಫೋಸೈಟ್‌ಗಳನ್ನು ಎಣಿಸಿದರೆ, ರಕ್ತದಲ್ಲಿರುವ ಅಷ್ಟೂ ಲಿಂಫೋಸೈಟ್‌ಗಳನ್ನು ದಿನಕ್ಕೆ ಹಲವು ಸಲ ಬದಲಿಸುವಷ್ಟು ಬರುತ್ತಿದ್ದವು. ಆದರೂ ರಕ್ತದಲ್ಲಿನ ಸಂಖ್ಯೆ ಏರುತ್ತಿರಲಿಲ್ಲ. ಅವೆಲ್ಲ ಎಲ್ಲಿ ಮಾಯವಾಗುತ್ತಿದ್ದವು? ಕರುಳಿನಲ್ಲಿ ಸಾಯುತ್ತವೆ ಎಂದರು ಕೆಲವರು, ಮಜ್ಜೆಗೆ ಹೋಗಿ ಬೇರೆ ಕೋಶವಾಗುತ್ತವೆ ಎಂದರು ಕೆಲವರು.

ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ ಇಲಿಯ ದುಗ್ಧನಾಳಕ್ಕೆ ಸಣ್ಣ ಕೊಳವೆ ಇಟ್ಟು ದಿನಗಟ್ಟಲೆ ದುಗ್ಧರಸ (ಲಿಂಫ್) ಹೊರತೆಗೆದರು. ಕೋಶಗಳ ಸಂಖ್ಯೆ ದಿನದಿಂದ ದಿನಕ್ಕೆ ಕುಸಿಯಿತು. ಕೋಶ ಸೋಸಿ ತೆಗೆದ ಬರೀ ರಸ ಮರಳಿಸಿದರೆ ಪ್ರಯೋಜನವಾಗಲಿಲ್ಲ. ಜೀವಂತ ಲಿಂಫೋಸೈಟ್‌ಗಳನ್ನು ರಕ್ತಕ್ಕೆ ಮರಳಿಸಿದಾಗ ಕುಸಿತ ನಿಂತಿತು. ಅಂದರೆ ಅವೇ ಕೋಶಗಳು ರಕ್ತದಿಂದ ದುಗ್ಧರಸಕ್ಕೆ, ದುಗ್ಧರಸದಿಂದ ರಕ್ತಕ್ಕೆ ಸುತ್ತು ಹೊಡೆಯುತ್ತಿದ್ದವು. ಆಮೇಲೆ ಅವರು ವಿಕಿರಣದ ಗುರುತು ಹಾಕಿ ಇದನ್ನು ಗಟ್ಟಿ ಮಾಡಿಕೊಂಡರು. 1964ರಲ್ಲಿ ನೈಟ್ ಜೊತೆ ಸೇರಿ ಟ್ರಿಟಿಯಂ (ವಿಕಿರಣಶೀಲ ಜಲಜನಕ) ಗುರುತಿನ ಕೋಶಗಳನ್ನು ಬಿಟ್ಟು ದಾರಿಯನ್ನೂ ತೋರಿಸಿದರು. ಅವು ದುಗ್ಧಗ್ರಂಥಿಯೊಳಗಿನ ಒಂದು ವಿಶೇಷ ಬಗೆಯ ಕಿರುಸಿರೆಗಳ ಗೋಡೆ ದಾಟಿ ಒಳಗೆ ಹೋಗುತ್ತಿದ್ದವು.

ದಾರಿ ಕಂಡದ್ದು ಹೇಗೆ? ಅಂಗಾಂಶವನ್ನು ತೆಳ್ಳಗೆ ಸೀಳಿ ಗಾಜಿನ ಮೇಲಿಟ್ಟು, ಕತ್ತಲ ಕೋಣೆಯಲ್ಲಿ ಫೋಟೋ ಎಮಲ್ಷನ್ ಬಳಿದು ವಾರಗಟ್ಟಲೆ ಡಬ್ಬದಲ್ಲಿ ಮುಚ್ಚಿಡುತ್ತಾರೆ. ಟ್ರಿಟಿಯಂ ಸೂಸಿದ ಬೀಟಾ ಕಣ ತಾಗಿದ ಕಡೆ ಬೆಳ್ಳಿಯ ಕರಿ ಚುಕ್ಕೆ ಮೂಡುತ್ತದೆ. ಆ ಬೀಟಾ ನೀರಿನಲ್ಲಿ ಹೆಚ್ಚೆಂದರೆ 6 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಾಗುವುದರಿಂದ ಚುಕ್ಕೆ ಯಾವ ಕೋಶದ ಮೇಲಿದೆಯೋ ಗುರುತು ಆ ಕೋಶದ್ದೇ. ಇಷ್ಟು ಚೊಕ್ಕಟವಾದ ಬಳಪ ಇನ್ನೊಂದಿಲ್ಲ.

ಟ್ರಿಟಿಯಂ ಥೈಮಿಡಿನ್ ಪರೀಕ್ಷೆ ಎನ್ನುತ್ತಾರಲ್ಲ, ಅದೇನು?

ಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎ ನಕಲು ಮಾಡಬೇಕು. ಅದಕ್ಕೆ ಥೈಮಿಡಿನ್ ಎಂಬ ಕಚ್ಚಾವಸ್ತು ಬೇಕು. ಟ್ರಿಟಿಯಂ ಸೇರಿದ ಥೈಮಿಡಿನ್ ಕೊಟ್ಟರೆ ವಿಭಜನೆಗೆ ಹೊರಟ ಕೋಶಗಳು ಅದನ್ನು ನುಂಗುತ್ತವೆ, ಸುಮ್ಮನಿರುವವು ನುಂಗುವುದಿಲ್ಲ. ಲಸಿಕೆ ಹಾಕಿಸಿಕೊಂಡವರ ಲಿಂಫೋಸೈಟ್‌ಗಳಿಗೆ ಆ ರೋಗಾಣುವಿನ ತುಣುಕು ತೋರಿಸಿ, ಅವು ಕೆರಳಿ ಮರಿ ಹಾಕಲು ಶುರು ಮಾಡಿದವೇ ಎಂದು ದಶಕಗಳ ಕಾಲ ಹೀಗೆಯೇ ಅಳೆದದ್ದು.

ಕೆಲಸ ಹೀಗಿರುತ್ತದೆ. 96 ಗುಳಿಯ ಪ್ಲೇಟಿನಲ್ಲಿ ಮೂರ್ನಾಲ್ಕು ದಿನ ಕೋಶ ಬೆಳೆಸಿ, ಪ್ರತಿ ಗುಳಿಗೆ ಸಾಮಾನ್ಯವಾಗಿ 1 ಮೈಕ್ರೋಕ್ಯೂರಿಯಷ್ಟು (ಕ್ಯೂರಿ ಎಂಬುದು ವಿಕಿರಣಶೀಲತೆಯ ಅಳತೆ) ಆ ಥೈಮಿಡಿನ್ ಹಾಕಿ, ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಹಾರ್ವೆಸ್ಟರ್ ಯಂತ್ರ ಗುಳಿಗಳನ್ನು ಹೀರಿ ಗಾಜಿನ ನಾರಿನ ಹಾಳೆಯ ಮೇಲೆ ಸೋಸುತ್ತದೆ. ಸಾಲಾಗಿ ತೇವದ ಬಿಲ್ಲೆಗಳು ಮೂಡುತ್ತವೆ, ಹಪ್ಪಳ ಒಣಹಾಕಿದಂತೆ. ಒಣಗಿದ ಮೇಲೆ ಮಿನುಗುವ ದ್ರಾವಣಕ್ಕೆ ಹಾಕಿ ಎಣಿಕೆಯ ಯಂತ್ರಕ್ಕೆ ಕೊಡುವುದು. ಯಂತ್ರ ನಿಮಿಷಕ್ಕೆ ಇಷ್ಟು ಮಿನುಗು ಎಂದು ಅಚ್ಚು ಹಾಕಿ ಕೊಡುತ್ತಿತ್ತು. ಉದ್ದದ ಕಾಗದದ ಪಟ್ಟಿ ಹರಿದುಕೊಂಡು ಕ್ಯಾಂಟೀನಿಗೆ ಓಡಿ, ಕಾಫಿ ಆರಿಹೋಗುವವರೆಗೆ ಅಂಕಿಗಳನ್ನು ನೋಡುತ್ತ ಕೂರುವುದು ನಮ್ಮ ಕಾಲದ ಸುಖ.

ದುಃಖವೂ ಇತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಎರಡು ವಾರ ಅಂಕಿಗಳೆಲ್ಲ ಪಾತಾಳಕ್ಕಿಳಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಗುಂಪುಗುಂಪಾಗಿ ದುಂಡಗೆ ಬೆಳೆದಿವೆ, ಯಂತ್ರ ನೋಡಿದರೆ ಏನೂ ಬೆಳೆದಿಲ್ಲ ಎನ್ನುತ್ತಿದೆ. ಥೈಮಿಡಿನ್ ಹಳತಾಗಿದೆ ಎಂದು ಹೊಸದನ್ನು ತರಿಸಿದೆವು, ಹಾರ್ವೆಸ್ಟರ್ ಬಿಚ್ಚಿ ತೊಳೆದೆವು. ಕೊನೆಗೆ ಗೊತ್ತಾದದ್ದು, ಕೋಶಗಳಿಗೆ ಮೈಕೋಪ್ಲಾಸ್ಮ ಎಂಬ ಕಣ್ಣಿಗೆ ಬೀಳದ ಸೂಕ್ಷ್ಮಾಣು ಹತ್ತಿತ್ತು. ಅದು ಥೈಮಿಡಿನ್ ಅನ್ನು ಮೊದಲೇ ಒಡೆದು ಹಾಕುತ್ತಿತ್ತು, ಕೋಶಗಳಿಗೆ ಸಿಗುವ ಮುನ್ನವೇ. ಮ್ಯಾಕ್ರೋಫೇಜ್ ಎಂಬ, ರೋಗಾಣು ನುಂಗುವ ಕೋಶಗಳು ಹೆಚ್ಚಿದ್ದರೂ ಹೀಗಾಗುತ್ತದೆ. ಅವು ತಾವೇ ಮಾಮೂಲಿ ಥೈಮಿಡಿನ್ ಹೊರಬಿಟ್ಟು ಗುರುತಿನದ್ದನ್ನು ತೆಳುವಾಗಿಸುತ್ತವೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಗುರುತು ಡಿಎನ್‌ಎಗೆ ಸೇರಿಲ್ಲ ಎಂದು ಅದು ಹೇಳಿತ್ತು. ಕೋಶ ಬೆಳೆದಿಲ್ಲ ಎಂದು ಓದಿಕೊಂಡವರು ನಾವು.

ಕ್ರೋಮಿಯಂ ಪರೀಕ್ಷೆಯಿಂದ ನೊಬೆಲ್ ಬಂತು ಎನ್ನುವುದು ನಿಜವೇ?

ಪರೀಕ್ಷೆಗೆ ಬರಲಿಲ್ಲ, ಅದನ್ನು ಬಳಸಿ ಕಂಡದ್ದಕ್ಕೆ ಬಂತು. ಕೆಂಪು ಕಣಕ್ಕೆ ಹಾಕಿದಂತೆಯೇ ಬೇರೆ ಕೋಶಗಳಿಗೂ ಕ್ರೋಮಿಯಂ-51 ತುಂಬಬಹುದು. ಆ ಕೋಶವನ್ನು ಕೊಲ್ಲುವ ಟಿ ಕೋಶಗಳ (ಲಿಂಫೋಸೈಟ್‌ಗಳದ್ದೇ ಒಂದು ಬಗೆ) ಜೊತೆ ನಾಲ್ಕು ಗಂಟೆ ಬಿಟ್ಟರೆ, ಕೊಲೆಯಾದ ಕೋಶ ಒಡೆದು ಕ್ರೋಮಿಯಂ ಹೊರಗೆ ಚೆಲ್ಲುತ್ತದೆ. ಚೆಲ್ಲಿದ್ದನ್ನು ಪಕ್ಕದ ಕೋಶ ಮತ್ತೆ ಹೀರಿಕೊಳ್ಳುವುದಿಲ್ಲ, ಅದೇ ಇದರ ಗುಣ. ಮೇಲಿನ ದ್ರವವನ್ನಷ್ಟೇ ತೆಗೆದು ಎಣಿಸಿದರೆ ಎಷ್ಟು ಕೊಲೆಯಾಯಿತೆಂದು ಗೊತ್ತಾಗುತ್ತದೆ. 1968ರಲ್ಲಿ ಬ್ರನ್ನರ್ ಮತ್ತು ಸಂಗಡಿಗರು ಇದನ್ನು ಒಂದು ಹದಕ್ಕೆ ತಂದರು. ಕೊಲೆಗಾರನಿಲ್ಲದೆ ತಾನಾಗಿಯೇ ಸೋರುವುದೆಷ್ಟು, ಸೋಪಿನ ನೀರು ಹಾಕಿ ಎಲ್ಲವನ್ನೂ ಒಡೆದರೆ ಬರುವುದೆಷ್ಟು ಎಂಬ ಎರಡು ಗುಳಿಗಳನ್ನು ಯಾವಾಗಲೂ ಪಕ್ಕದಲ್ಲಿಡುತ್ತಾರೆ. ಅವಿಲ್ಲದ ಅಂಕಿಯನ್ನು ನಾನು ಓದುವುದೇ ಇಲ್ಲ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಶುವೈದ್ಯ ಪೀಟರ್ ಡೊಹರ್ಟಿ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯ ರಾಲ್ಫ್ ಜಿಂಕರ್‌ನಾಗೆಲ್ ಇಲಿಗಳ ಮಿದುಳಿಗೆ ತಗಲುವ ಒಂದು ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದರು. ವೈರಸ್ ತಗಲಿಸಿದ, ಕ್ರೋಮಿಯಂ ತುಂಬಿದ ಕೋಶಗಳನ್ನು ಆ ವೈರಸ್ಸಿಗೆ ಪಳಗಿದ ಟಿ ಕೋಶಗಳ ಮುಂದಿಟ್ಟರು. ತಮ್ಮದೇ ಅಂಗಾಂಶ ಗುಂಪಿನ ಕೋಶವಾಗಿದ್ದರೆ ಟಿ ಕೋಶಗಳು ಕೊಂದವು. ಬೇರೆ ತಳಿಯದಾಗಿದ್ದರೆ, ಅದೇ ವೈರಸ್ ಇದ್ದರೂ ಸುಮ್ಮನೆ ಬಿಟ್ಟವು. ಟಿ ಕೋಶ ವೈರಸ್ಸನ್ನಷ್ಟೇ ನೋಡುವುದಿಲ್ಲ, ‘ನಮ್ಮವನ ಕೈಯಲ್ಲಿರುವ ವೈರಸ್ಸನ್ನು’ ನೋಡುತ್ತದೆ ಎಂದಾಯಿತು. 1974ರಲ್ಲಿ ಪ್ರಕಟಿಸಿದರು, 1996ರಲ್ಲಿ ನೊಬೆಲ್ ಬಂತು.

ಹಾಗಾದರೆ ಇಲಿಗಳಿಗೆ ವಿಕಿರಣ ಹಾಯಿಸುವುದೇಕೆ?

ಇದು ಒರೆಸುವ ಬಟ್ಟೆಯ ಕಥೆ, ಇದು ಶುರುವಾಗುವುದು ಬಾಂಬಿನ ನೆರಳಿನಲ್ಲಿ. ಹಿರೋಷಿಮಾ ನಂತರ ವಿಕಿರಣ ತಗಲಿದವರನ್ನು ಉಳಿಸುವುದು ಹೇಗೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. 1949ರಲ್ಲಿ ಶಿಕಾಗೋದ ಲಿಯಾನ್ ಜೇಕಬ್‌ಸನ್ ಇಲಿಯ ಗುಲ್ಮವೊಂದನ್ನು ಮಾತ್ರ ಸೀಸದಿಂದ ಮುಚ್ಚಿ ಉಳಿದ ಮೈಗೆಲ್ಲ ಮಾರಕ ಪ್ರಮಾಣ ಕೊಟ್ಟರೂ ಇಲಿ ಬದುಕುತ್ತದೆ ಎಂದು ತೋರಿಸಿದರು. ಗುಲ್ಮದಿಂದ ಯಾವುದೋ ರಸ ಬಂದು ಉಳಿಸಿತೋ, ಕೋಶಗಳೇ ಹೊರಟು ಮಜ್ಜೆಯಲ್ಲಿ ಮನೆ ಮಾಡಿದವೋ ಎಂದು ವರ್ಷಗಟ್ಟಲೆ ವಾಗ್ವಾದ ನಡೆಯಿತು. 1956ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಫೋರ್ಡ್ ತಂಡ, ವಿಚಿತ್ರ ಆಕಾರದ ಕ್ರೋಮೋಸೋಮ್ ಇರುವ ಇಲಿಯ ಮಜ್ಜೆ ಹಾಕಿ, ಉಳಿದುಕೊಂಡ ಇಲಿಯ ಮಜ್ಜೆಯಲ್ಲಿ ಅದೇ ವಿಚಿತ್ರ ಕ್ರೋಮೋಸೋಮ್ ತೋರಿಸಿತು. ಕೋಶಗಳೇ ಬಂದು ಕೂತಿದ್ದವು.

ಆಮೇಲೆ ಟೊರಾಂಟೋ. ಜೇಮ್ಸ್ ಟಿಲ್ ಭೌತವಿಜ್ಞಾನಿ, ಅರ್ನೆಸ್ಟ್ ಮೆಕ್‌ಕಲಕ್ ವೈದ್ಯ. ವಿಕಿರಣ ಕೊಟ್ಟ ಇಲಿಗಳಿಗೆ ಲೆಕ್ಕ ಹಾಕಿ ಇಷ್ಟಿಷ್ಟೇ ಮಜ್ಜೆಕೋಶ ಕೊಟ್ಟು ಹತ್ತು ದಿನದ ಮೇಲೆ ಗುಲ್ಮ ನೋಡಿದರೆ ಮೇಲೆಲ್ಲ ಗಂಟುಗಳು. ಹೆಚ್ಚು ಕೋಶ ಕೊಟ್ಟರೆ ಹೆಚ್ಚು ಗಂಟು, ಕಡಿಮೆ ಕೊಟ್ಟರೆ ಕಡಿಮೆ, ಸುಮಾರು ಹತ್ತು ಸಾವಿರ ಮಜ್ಜೆಕೋಶಕ್ಕೊಂದರಂತೆ. ಒಂದೊಂದು ಗಂಟಿನಲ್ಲೂ ಕೆಂಪು ಕಣವಾಗುವ ಕೋಶ, ಬಿಳಿ ಕಣವಾಗುವ ಕೋಶ ಎಲ್ಲ ಬೆರೆತಿದ್ದವು. ಇದು 1961ರ ಪ್ರಬಂಧ. ಒಂದು ಗಂಟು ಒಂದೇ ಕೋಶದ ಸಂತಾನವೇ ಎಂಬ ಪ್ರಶ್ನೆ ಉಳಿದಿತ್ತು. 1963ರಲ್ಲಿ ಆಂಡ್ರೂ ಬೆಕರ್ ಜೊತೆ ಅವರು ಮಾಡಿದ ಉಪಾಯ ನನಗೆ ಇಂದಿಗೂ ಬೆರಗು. ಕಸಿ ಮಾಡಿದ ಕೋಶಗಳಿಗೆ ಇನ್ನೊಮ್ಮೆ ವಿಕಿರಣ ಕೊಟ್ಟು ಅಲ್ಲೊಂದು ಇಲ್ಲೊಂದು ಕೋಶದ ಕ್ರೋಮೋಸೋಮನ್ನು ಸೊಟ್ಟ ಮಾಡಿದರು. ಒಂದು ಗಂಟಿನ ಕೋಶಗಳಲ್ಲೆಲ್ಲ ಅದೇ ಸೊಟ್ಟ ಕ್ರೋಮೋಸೋಮ್ ಸಿಕ್ಕಿತು. ಒರೆಸಿದ ಬಟ್ಟೆಯಿಂದಲೇ ಬರೆದರು! ಆಕರಕೋಶ, ಅಂದರೆ ಇವತ್ತು ಎಲ್ಲರ ಬಾಯಲ್ಲಿರುವ ಸ್ಟೆಮ್ ಸೆಲ್, ಪ್ರಯೋಗದಲ್ಲಿ ಕೈಗೆ ಸಿಕ್ಕಿದ್ದು ಹೀಗೆ.

ಲಿಂಫೋಸೈಟ್‌ಗಳಲ್ಲಿ ಟಿ ಕೋಶ, ಬಿ ಕೋಶ ಎಂಬ ವಿಂಗಡಣೆಗೂ ಇದೇ ದಾರಿ. 1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಕೋಳಿಮರಿಗಳಲ್ಲಿ ಅಂಗ ತೆಗೆದು ವಿಕಿರಣವನ್ನೂ ಕೊಟ್ಟು ಎರಡು ಬೇರೆ ವ್ಯವಸ್ಥೆಗಳಿವೆ ಎಂದು ತೋರಿಸಿದರು. ಮರುವರ್ಷ ಹೆನ್ರಿ ಕ್ಲೇಮನ್ ತಂಡ ವಿಕಿರಣ ಕೊಟ್ಟ ಇಲಿಗೆ ಥೈಮಸ್ (ಟಿ ಕೋಶಗಳು ಬಲಿಯುವ ಗ್ರಂಥಿ) ಕೋಶ ಮಾತ್ರ ಅಥವಾ ಬಿ ಕೋಶಗಳ ಮೂಲವಾದ ಮಜ್ಜೆಕೋಶ ಮಾತ್ರ ಹಾಕಿದರೆ ಪ್ರತಿಕಾಯ (ಆಂಟಿಬಾಡಿ) ಅಷ್ಟಕ್ಕಷ್ಟೇ, ಎರಡೂ ಹಾಕಿದರೆ ಧಾರಾಳ ಎಂದು ಕಂಡಿತು.

ಈ ಪ್ರಾಣಿಗಳಿಗೆ ಹಿಂಸೆಯಲ್ಲವೇ?

ಹಿಂಸೆಯೇ. ಅದನ್ನು ನಯವಾದ ಮಾತಿನಲ್ಲಿ ಮುಚ್ಚಲು ನನಗೆ ಮನಸ್ಸಿಲ್ಲ. ಇಲಿಗೆ 9ರಿಂದ 10 ಗ್ರೇ (ಮೈ ಹೀರಿಕೊಂಡ ವಿಕಿರಣದ ಅಳತೆ) ಕೊಟ್ಟು, ಅದೇ ದಿನ ಅಥವಾ ಮರುದಿನ ಬಾಲದ ಸಿರೆಗೆ ಮಜ್ಜೆಕೋಶ ಚುಚ್ಚುತ್ತಾರೆ. ದೀಪದ ಕೆಳಗೆ ಬಾಲ ಬೆಚ್ಚಗಾದರೆ ಸಿರೆ ಉಬ್ಬುತ್ತದೆ. ಹೊಸ ರಕ್ತ ಬರುವವರೆಗೆ ಇಲಿಗಳು ಮುದುರಿ ಕೂರುತ್ತವೆ, ತೂಕ ಇಳಿಯುತ್ತದೆ. ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗದಿರಲೆಂದು ನೀರಿಗೆ ಆಂಟಿಬಯಾಟಿಕ್ ಬೆರೆಸುತ್ತಾರೆ. ಕಸಿ ಹಿಡಿಯದಿದ್ದರೆ ಎರಡು ವಾರದೊಳಗೆ ಸಾಯುತ್ತವೆ. ಭಾರತದಲ್ಲಿ ಪ್ರತಿ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿ ಒಪ್ಪದೆ ಇದನ್ನು ಮಾಡುವಂತಿಲ್ಲ. ಯಾವ ಸ್ಥಿತಿಗೆ ಬಂದರೆ ಪ್ರಯೋಗ ನಿಲ್ಲಿಸಬೇಕೆಂದು ಮೊದಲೇ ಬರೆದುಕೊಡಬೇಕು. ಬದಲಿಗೆ ಬುಸಲ್ಫಾನ್‌ನಂಥ ಔಷಧಿಯಿಂದ ಮಜ್ಜೆ ಖಾಲಿ ಮಾಡುವವರಿದ್ದಾರೆ. ಅದೂ ಸುಖದ್ದೇನಲ್ಲ.

ವಿಕಿರಣಕ್ಕೆ ಮೊದಲು ಸಾಯುವುದು ರಕ್ತದ ಕೋಶಗಳೇ ಏಕೆ?

ಬೇಗಬೇಗ ವಿಭಜಿಸುವ ಕೋಶಕ್ಕೆ ಪೆಟ್ಟು ಹೆಚ್ಚು ಎನ್ನುವುದು 1906ರಷ್ಟು ಹಳೆಯ ನಿಯಮ. ಮಜ್ಜೆಗೆ ಅದು ಸರಿಹೊಂದುತ್ತದೆ. ಲಿಂಫೋಸೈಟ್‌ಗೆ ಹೊಂದುವುದಿಲ್ಲ. ಅದು ವಿಭಜಿಸದೆ ಸುಮ್ಮನಿದ್ದರೂ ಡಿಎನ್‌ಎಗೆ ಪೆಟ್ಟಾಗಿದೆ ಎಂದು ತಿಳಿದ ಗಂಟೆಗಳಲ್ಲೇ ಆತ್ಮಹತ್ಯೆ ಮಾಡಿಕೊಳ್ಳುತ್ತದೆ. ರಕ್ತದಲ್ಲೇ ಇರುವ ಕೆಂಪು ಕಣ, ಪ್ಲೇಟ್‌ಲೆಟ್‌ಗಳಿಗೆ ಕೋಶಕೇಂದ್ರವೇ ಇಲ್ಲ, ಹಾಗಾಗಿ ಅಷ್ಟು ಬೇಗ ಬಾಧೆಯಿಲ್ಲ. ಈ ವ್ಯತ್ಯಾಸವೇ ಮುಂದಿನ ಉತ್ತರದ ಬುಡ.

ಆಪರೇಷನ್‌ಗೆ ತಮ್ಮನೇ ರಕ್ತ ಕೊಡುತ್ತೇನೆಂದರೆ, ರಕ್ತಕ್ಕೆ ವಿಕಿರಣ ಹಾಯಿಸಬೇಕೆಂದರು. ನಮ್ಮದೇ ರಕ್ತಕ್ಕೆ ಏಕೆ?

ಸ್ವಂತದವರದಾದ್ದರಿಂದಲೇ. ಕೊಟ್ಟ ರಕ್ತದಲ್ಲಿ ಕೊಟ್ಟವರ ಲಿಂಫೋಸೈಟ್‌ಗಳೂ ಬರುತ್ತವೆ. ಪರರದಾದರೆ ನಿಮ್ಮ ದೇಹ ಅವನ್ನು ಹೊರಗಿನವು ಎಂದು ಗುರುತಿಸಿ ಮುಗಿಸುತ್ತದೆ. ಅಣ್ಣ ತಮ್ಮಂದಿರ, ಮಕ್ಕಳ ಅಂಗಾಂಶ ಗುಂಪು ನಿಮ್ಮದನ್ನೇ ಹೋಲಬಹುದು. ಆಗ ನಿಮ್ಮ ದೇಹ ಅವನ್ನು ಮನೆಯವರೆಂದು ಒಳಗೆ ಬಿಟ್ಟುಕೊಳ್ಳುತ್ತದೆ, ಅವು ಮಾತ್ರ ನಿಮ್ಮ ಚರ್ಮ, ಕರುಳು, ಯಕೃತ್ತು, ಮಜ್ಜೆಗಳ ಮೇಲೆ ಬೀಳುತ್ತವೆ. ಅಪರೂಪ, ಆದರೆ ಬಂದರೆ ಬಹುತೇಕ ಪ್ರಾಣವನ್ನೇ ತೆಗೆಯುತ್ತದೆ. ಚೀಲಕ್ಕೆ 25 ಗ್ರೇ ಕೊಟ್ಟರೆ ಲಿಂಫೋಸೈಟ್‌ಗಳು ಮರಿ ಹಾಕಲಾರವು, ಕೆಂಪು ಕಣಗಳು ಕೆಲಸ ಮಾಡುತ್ತಲೇ ಇರುತ್ತವೆ. ಪೊಟ್ಯಾಸಿಯಂ ಸ್ವಲ್ಪ ಹೆಚ್ಚು ಸೋರುವುದರಿಂದ ಆ ಚೀಲವನ್ನು ಬೇಗ ಬಳಸಬೇಕು.

ಇದಕ್ಕೆ ಸೀಸಿಯಂ-137 ಅಥವಾ ಕೋಬಾಲ್ಟ್-60 ಇರುವ ಪೆಟ್ಟಿಗೆ ಬಳಸುತ್ತಾರೆ. ಈಚೆಗೆ ಎಕ್ಸ್‌ರೇ ಯಂತ್ರಗಳು ಹೆಚ್ಚುತ್ತಿವೆ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರವನ್ನು ಗುಜರಿಗೆ ಒಡೆದು, ಒಳಗಿದ್ದ ಹೊಳೆಯುವ ಸೀಸಿಯಂ ಪುಡಿಯನ್ನು ಜನ ಮೈಗೆ ಹಚ್ಚಿಕೊಂಡು ನಾಲ್ವರು ಸತ್ತರು. ಬಟನ್ ಆರಿಸಿದರೆ ವಿಕಿರಣವೂ ಆರುವ ಯಂತ್ರ ಯಾರಿಗೆ ಬೇಡ?

ವಿಕಿರಣ ಹಾಯಿಸಿದ ರಕ್ತ ತಾನೂ ವಿಕಿರಣ ಸೂಸುತ್ತದೆಯೇ?

ಇಲ್ಲ. ಬಿಸಿಲಲ್ಲಿ ನಿಂತು ಬಂದವನು ಮನೆಯೊಳಗೆ ದೀಪದಂತೆ ಬೆಳಗುವುದಿಲ್ಲವಲ್ಲ, ಹಾಗೆ. ಗುರುತಿನ ದ್ರಾವಣ ಚುಚ್ಚಿದ ಇಲಿಯ ಮಾತು ಬೇರೆ. ಅದರ ಮೈಯಲ್ಲಿ ಆ ಪರಮಾಣುಗಳೇ ಇರುತ್ತವೆ, ಪಂಜರದ ಹಾಸು, ಹಿಕ್ಕೆ ಎಲ್ಲಕ್ಕೂ ಚೀಟಿ ಅಂಟಿಸಬೇಕು.

ಆಸ್ಪತ್ರೆಯಲ್ಲಿ ನನ್ನ ಬಿಳಿ ಕಣ ತೆಗೆದು, ವಿಕಿರಣ ಹಚ್ಚಿ, ಮತ್ತೆ ನನಗೇ ಚುಚ್ಚಿದರು. ಏನದು?

ಎಲ್ಲೋ ಒಳಗೆ ಕೀವು ಇದೆ, ಎಲ್ಲಿದೆ ಗೊತ್ತಿಲ್ಲ ಎಂಬಾಗ ಮಾಡುವ ಸ್ಕ್ಯಾನ್. ನಿಮ್ಮ ಬಿಳಿ ಕಣಗಳನ್ನೇ ಪತ್ತೇದಾರರನ್ನಾಗಿ ಕಳಿಸುತ್ತಾರೆ. ಅವು ಕೀವಿನತ್ತ ಹೋಗುತ್ತವೆ, ಕ್ಯಾಮೆರಾ ಹಿಂದೆ ಹೋಗುತ್ತದೆ. ಇಂಡಿಯಂ-111 ಬಳಸುವ ಈ ವಿಧಾನವನ್ನು 1970ರ ದಶಕದ ನಡುವೆ ರೂಪಿಸಿದವರಲ್ಲಿ ಭಾರತ ಮೂಲದ ಮ್ಯಾಥ್ಯೂ ಠಾಕುರ್ ಒಬ್ಬರು. ಇಂಡಿಯಂ ಅರ್ಧಾಯು, ಅಂದರೆ ಪರಮಾಣುಗಳಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 2.8 ದಿನ. ಬದಲಿಗೆ ಟೆಕ್ನೀಷಿಯಂ-99ಎಂ ಬಳಸಿದರೆ 6 ಗಂಟೆ.

ಸಂಶೋಧನೆಯಲ್ಲಿ ಇದೇ ವಿಧಾನವನ್ನು ಲಿಂಫೋಸೈಟ್‌ಗೆ ಬಳಸಲು ಹೋದವರು ಪೆಟ್ಟು ತಿಂದರು. ಕೆಲವೇ ದಿನ ಬದುಕುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಕ್ಕೆ ಇಂಡಿಯಂ ಸರಿ. ಲಿಂಫೋಸೈಟ್ ಆದರೆ ಒಳಗೆ ಕೂತ ಇಂಡಿಯಂನಿಂದಲೇ ಸಾಯಬಹುದು. ಬಳಪವೇ ಸ್ಲೇಟನ್ನು ಒರೆಸಿಬಿಡುತ್ತದೆ. ಹಾಗೆ ಸತ್ತ ಕೋಶದ ಗುರುತು ಯಕೃತ್ತಿಗೆ ಹೋಗಿ ಕೂತಾಗ, ಟಿ ಕೋಶಗಳು ಯಕೃತ್ತಿಗೆ ಹೋದವು ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ.

ಥೈರಾಯ್ಡ್ ರಕ್ತಪರೀಕ್ಷೆಗೂ ಇದಕ್ಕೂ ನಂಟಿದೆಯಂತೆ?

ಹಿಂದೆ ಇತ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ವಿಕಿರಣಶೀಲ ಅಯೋಡಿನ್ ಹಚ್ಚಿದ ಇನ್ಸುಲಿನ್ ರಕ್ತದಲ್ಲಿ ಏಕೆ ತಡವಾಗಿ ಕರಗುತ್ತದೆ ಎಂದು ಹುಡುಕುತ್ತ ಹೋಗಿ, ರೋಗಿಗಳ ಮೈಯಲ್ಲಿ ಇನ್ಸುಲಿನ್‌ಗೆ ಪ್ರತಿಕಾಯ ಹುಟ್ಟಿದೆ ಎಂದು ಕಂಡರು. ಅಷ್ಟು ಸಣ್ಣ ಪ್ರೋಟೀನಿಗೆ ಪ್ರತಿಕಾಯವೇ ಎಂದು ವಿಮರ್ಶಕರು ತಕರಾರು ತೆಗೆದರು, 1956ರ ಪ್ರಬಂಧದ ಶೀರ್ಷಿಕೆಯಿಂದ ಆ ಪದವನ್ನೇ ತೆಗೆಯಬೇಕಾಯಿತು. ಪ್ರತಿಕಾಯ ಇನ್ಸುಲಿನ್‌ಗೆ ಅಂಟುವುದನ್ನೇ ತಕ್ಕಡಿ ಮಾಡಿಕೊಂಡು ಹಾರ್ಮೋನು ಅಳೆಯುವ ವಿಧಾನ ಕಟ್ಟಿದರು. ಥೈರಾಯ್ಡ್ ಹಾರ್ಮೋನನ್ನೂ ಹಾಗೆಯೇ ಅಳೆಯುತ್ತಿದ್ದರು. ಯಾಲೋಗೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಈಗ ಬಹುತೇಕ ಕಡೆ ಬೆಳಕು ಸೂಸುವ ರಾಸಾಯನಿಕಗಳು ಅಯೋಡಿನ್ ಜಾಗಕ್ಕೆ ಬಂದಿವೆ.

ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಅಪಾಯವಿಲ್ಲವೇ?

ಐಸೋಟೋಪ್ ಯಾವುದು ಎಂಬುದರ ಮೇಲೆ ಹೋಗುತ್ತದೆ, ಎಲ್ಲಕ್ಕೂ ಸೀಸದ ಗೋಡೆ ಎನ್ನುವುದು ತಪ್ಪು. ರಂಜಕ-32ಕ್ಕೆ ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆ ಇಡುತ್ತೇವೆ. ಅದರ ಜೋರಾದ ಬೀಟಾ ಸೀಸಕ್ಕೆ ಬಡಿದರೆ ಎಕ್ಸ್‌ರೇ ಹುಟ್ಟುತ್ತದೆ. ಕ್ರೋಮಿಯಂ, ಅಯೋಡಿನ್‌ಗಳಿಗೆ ಸೀಸವೇ ಬೇಕು. ಅಯೋಡಿನ್-125 ಆವಿಯಾಗಿ ಮೂಗಿಗೆ ಬರಬಹುದು, ಆದ್ದರಿಂದ ಗಾಳಿ ಹೀರುವ ಕಪಾಟಿನೊಳಗೇ ತೆರೆಯಬೇಕು. ಟ್ರಿಟಿಯಂಗೆ ಯಾವ ಅಡ್ಡಗೋಡೆಯೂ ಬೇಡ, ಅದರ ಬೀಟಾ ಚರ್ಮದ ಸತ್ತ ಪದರವನ್ನೂ ದಾಟದು. ಇದರಿಂದಲೇ ಎಚ್ಚರ ಹೆಚ್ಚು ಬೇಕು. ಗೈಗರ್ ಕೌಂಟರಿಗೂ ಅದು ಕಾಣುವುದಿಲ್ಲ, ಮೇಜಿನ ಮೇಲೆ ಚೆಲ್ಲಿದರೆ ಸದ್ದಿಲ್ಲ. ಥೈಮಿಡಿನ್ ರೂಪದಲ್ಲಿ ಹೊಟ್ಟೆಗೆ ಹೋದರೆ ನೇರ ಡಿಎನ್‌ಎಯೊಳಗೆ ಕೂರಬಲ್ಲದು. ಹಾಗಾಗಿ ಮೇಜು, ಬಾಗಿಲ ಹಿಡಿ, ಫೋನು ಎಲ್ಲವನ್ನೂ ಕಾಗದದಿಂದ ಒರೆಸಿ ಎಣಿಸಿ ನೋಡುವುದು ವಾಡಿಕೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತಿದ್ದದ್ದು ಪೆನ್ನುಗಳು.

ಭಾರತದಲ್ಲಿ ವಿಕಿರಣದ ಕೆಲಸಗಾರರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮನುಷ್ಯರಿಗೆ ವಿಕಿರಣದಿಂದಾಗುವ ಬಾಧೆಯ ಅಳತೆ), ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಸಾರ್ವಜನಿಕರಿಗೆ 1. ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಈ ಲೆಕ್ಕ ಇಡುತ್ತದೆ. ನೆಲ, ಆಕಾಶ, ಆಹಾರಗಳಿಂದ ಮನುಷ್ಯರಿಗೆಲ್ಲ ಸಿಗುವುದೇ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ನಿಮ್ಮ ಮೈಯಲ್ಲಿರುವ ಪೊಟ್ಯಾಸಿಯಂ-40 ಒಂದರಿಂದಲೇ ಸೆಕೆಂಡಿಗೆ ಸುಮಾರು 4,000 ಪರಮಾಣು ಒಡೆಯುತ್ತಿವೆ, ಇದನ್ನು ಓದುತ್ತಿರುವಾಗಲೂ. ಮದುವೆ ಮನೆಯ ನೆಂಟರಿಗೆ ಇದನ್ನು ಹೇಳಿದರೆ ತಟ್ಟೆಯಲ್ಲಿದ್ದ ಬಾಳೆಹಣ್ಣು ಹಾಗೇ ಉಳಿಯುತ್ತದೆ.

ಫ್ಲೋರೆಸೆಂಟ್ ಬಣ್ಣಗಳು ಬಂದ ಮೇಲೆ ಇದೆಲ್ಲ ಯಾಕೆ?

ಬಹುಪಾಲು ಬೇಡವೇ ಬೇಡ. 1994ರಲ್ಲಿ, ಮತ್ತೆ ಕ್ಯಾನ್‌ಬೆರಾದಲ್ಲೇ, ಲಯನ್ಸ್ ಮತ್ತು ಪ್ಯಾರಿಶ್ ಸಿಎಫ್‌ಎಸ್‌ಇ ಎಂಬ ಬಣ್ಣ ಬಳಸಿ ತೋರಿಸಿದ ವಿಧಾನದಲ್ಲಿ ಕೋಶ ಪ್ರತಿ ಸಲ ಇಬ್ಭಾಗವಾದಾಗ ಬಣ್ಣ ಅರ್ಧವಾಗುತ್ತದೆ. ಯಾವ ಕೋಶ ಎಷ್ಟು ಸಲ ವಿಭಜಿಸಿತು ಎಂದು ಒಂದೊಂದಾಗಿ ಎಣಿಸಬಹುದು. ಟ್ರಿಟಿಯಂ ಕೊಡುತ್ತಿದ್ದದ್ದು ಇಡೀ ಗುಳಿಗೆ ಒಂದೇ ಅಂಕಿ. ಮನುಷ್ಯರಲ್ಲಿ ಲಿಂಫೋಸೈಟ್ ಆಯಸ್ಸು ಅಳೆಯಲು ವಿಕಿರಣವಿಲ್ಲದ ಭಾರಜಲಜನಕ ಸೇರಿದ ಗ್ಲೂಕೋಸ್ ಅಥವಾ ಭಾರಜಲ ಕೊಡುತ್ತಾರೆ, ಶೆಮಿನ್ ಮಾಡಿದಂತೆಯೇ.

ಆದರೆ ಬಣ್ಣದ ಬೆಳಕು ಮೈಯಾಳದಿಂದ ಹೊರಬರುವುದಿಲ್ಲ, ಗಾಮಾ ಬರುತ್ತದೆ. ಬದುಕಿರುವ ಮನುಷ್ಯನ ಗೆಡ್ಡೆಯೊಳಗೆ ಟಿ ಕೋಶ ಸೇರಿದೆಯೇ ಎಂದು ನೋಡಲು ಜಿರ್ಕೋನಿಯಂ-89 ಅಂಟಿಸಿದ ಪ್ರತಿಕಾಯದ ತುಣುಕು ಚುಚ್ಚಿ ಪೆಟ್ ಸ್ಕ್ಯಾನ್ ಮಾಡುವ ಕೆಲಸ ಈಗ ನಡೆದಿದೆ. ಅದರ ಅರ್ಧಾಯು ಸುಮಾರು 3.3 ದಿನ, ಪ್ರತಿಕಾಯ ಹೋಗಿ ಸೇರಲು ಸಾಕಾಗುವಷ್ಟು. ಅಲ್ಲಿಯೂ ಕ್ಯಾಮೆರಾ ನೋಡುವುದು ಜಿರ್ಕೋನಿಯಂ ಅನ್ನೇ.

ಭಾರತದ ಲ್ಯಾಬುಗಳಿಗೆ ಇವೆಲ್ಲ ಎಲ್ಲಿಂದ ಬರುತ್ತಿದ್ದವು?

ಹೆಚ್ಚಾಗಿ ಪರಮಾಣು ಶಕ್ತಿ ಇಲಾಖೆಯ ಬ್ರಿಟ್ ಸಂಸ್ಥೆಯಿಂದ, ನವಿ ಮುಂಬೈಯ ವಾಶಿಯಿಂದ. ರಂಜಕ-32ರ ಗುರುತಿನ ಡಿಎನ್‌ಎ ಸಾಮಗ್ರಿಗೆ ಹೈದರಾಬಾದಿನಲ್ಲಿ ಅವರದ್ದೇ ‘ಜೊನಾಕಿ’ ಘಟಕವಿದೆ. ಬಂಗಾಳಿಯಲ್ಲಿ ಜೊನಾಕಿ ಎಂದರೆ ಮಿಂಚುಹುಳ. ಸರ್ಕಾರಿ ಘಟಕಕ್ಕೆ ಇಷ್ಟು ಚಂದದ ಹೆಸರಿಟ್ಟವರು ಯಾರೋ, ಅವರಿಗೊಂದು ನಮಸ್ಕಾರ. ಪಾರ್ಸಲ್ ಬರುವ ದಿನ ನೋಡಿಕೊಂಡು ಪ್ರಯೋಗ ಇಟ್ಟುಕೊಳ್ಳಬೇಕಿತ್ತು. ಡಬ್ಬದ ಮೇಲಿನ ಅಂಕಿ ಅದರಲ್ಲಿ ನಮೂದಿಸಿದ ದಿನದ್ದು. ಎರಡು ವಾರ ತಡವಾದರೆ ರಂಜಕ-32 ಅರ್ಧವಾಗಿರುತ್ತದೆ, ದುಡ್ಡು ಮಾತ್ರ ಪೂರ್ತಿ.

ಉಳಿದದ್ದನ್ನು ಏನು ಮಾಡುತ್ತೀರಿ?

ಬೇಗ ಕ್ಷಯಿಸುವುದನ್ನು ಕಾಯುತ್ತೇವೆ. ಹತ್ತು ಅರ್ಧಾಯು ಕಳೆದರೆ ಸಾವಿರಕ್ಕೊಂದು ಪಾಲು ಉಳಿಯುತ್ತದೆ. ರಂಜಕ-32ಕ್ಕೆ ಐದು ತಿಂಗಳು, ಕ್ರೋಮಿಯಂ-51ಕ್ಕೆ ಒಂಬತ್ತು. ಡಬ್ಬದ ಮೇಲೆ ಐಸೋಟೋಪ್, ಪ್ರಮಾಣ, ಮುಚ್ಚಿದ ದಿನ ಬರೆದು ಬೀಗ ಹಾಕಿದ ಕೋಣೆಯಲ್ಲಿಟ್ಟು, ಆಮೇಲೆ ಅಳೆದು, ಚಿಹ್ನೆಯ ಚೀಟಿ ಕಿತ್ತು ವಿಲೇವಾರಿ ಮಾಡುತ್ತೇವೆ. ಟ್ರಿಟಿಯಂ ಅರ್ಧಾಯು 12.3 ವರ್ಷ, ಅದನ್ನು ಹೀಗೆ ಕಾಯುತ್ತ ಕೂತರೆ 123 ವರ್ಷ ಬೇಕು. ಅದನ್ನು ಮಂಡಳಿ ಒಪ್ಪಿದ ಮಿತಿಯೊಳಗೆ ನೀರಿನಲ್ಲಿ ತೆಳುಮಾಡಿ ಬಿಡಬೇಕು, ಬಿಟ್ಟದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು. ನಾನು ಬಿಡುವ ಹೊತ್ತಿಗೆ ಆ ಕೋಣೆಯ ಕೆಳಗಿನ ಗೂಡಿನಲ್ಲಿ ನನ್ನ ಕೈಬರಹದ ಮೂರು ಡಬ್ಬಗಳು ಇನ್ನೂ ದಿನ ಎಣಿಸುತ್ತಿದ್ದವು.